ಇನ್ನೂರು ಕುರಿಗೆ ಎಷ್ಟು ಮೆಮೊರಿ

ನನ್ನ ಮೊಮ್ಮಗಳು ಮಾಡಿದ ಆಟ ವಿಜಾಪುರದ ಕಾಲೇಜಿನಲ್ಲಿ ಪೂರಾ ಒಂದು ತಾಸು ಎಲ್ಲೂ ನಿಲ್ಲದೆ ಓಡಿತು, ಅವಳಿಗೆ ಸೀಟು ಸಿಕ್ಕಿತು. ಇದನ್ನು ಮೊದಲು ಬರೆದಿಡುತ್ತೇನೆ, ಉಳಿದ ಮಾತು ಆಮೇಲೆ. ಇದು ಎರಡು ಸಾವಿರದ ಎಂಟರ ಬೇಸಿಗೆ. ಸೋಮವಾರ ಮಧ್ಯಾಹ್ನ ಅವಳ ಹೆಸರು ಕೂಗಿದಾಗ ನಾನು ಪಕ್ಕದಲ್ಲಿ ಕುಳಿತಿದ್ದ ಯಾರೋ ಹೆಣ್ಣುಮಗಳ ಕೈ ಹಿಡಿದು, ‘ನಮ್ಮಾಕಿ, ನಮ್ಮಾಕಿ’ ಎಂದು ಹೇಳಿದ್ದೇ ಹೇಳಿದ್ದು. ಆಕೆಯ ಬಳೆ ಒಂದು ಒಡೆಯಿತು. ಆಕೆಗೆ ಸಿಟ್ಟೂ ಬರಲಿಲ್ಲ. ಬಸ್ಸಿನ ಡ್ರೈವರನಿಗೆ ಹೇಳಿದೆ, ಹಾಲು ಹಾಕುವವಳಿಗೆ ಹೇಳಿದೆ, ಮೋಟಾರು ಕೇಳಲು ಬಂದ ಗಿರಾಕಿಗೆ ಮೋಟಾರಿನ ಸುದ್ದಿ ಬಿಟ್ಟು ಇದನ್ನೇ ಹೇಳಿ ಕಳಿಸಿದೆ.

ಸಂತೋಷ ಎದೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಮೈ ಮಾತ್ರ ಗಾಣಕ್ಕೆ ಹಾಕಿ ತೆಗೆದ ಹಾಗಾಗಿದೆ. ಹದಿನೆಂಟು ದಿನ ಬಿಸಿಲಲ್ಲಿ ಬಸ್ಸು ಹತ್ತಿ ಇಳಿದ ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ. ಈ ಹದಿನೆಂಟು ದಿನವೂ ಒಂದೇ ಪ್ರಶ್ನೆ ಹಿಡಿದು ತಿರುಗಿದೆವು: ಅವಳ ಆಟಕ್ಕೆ ತರುವ ಲ್ಯಾಪ್‌ಟಾಪಿನಲ್ಲಿ ಮೆಮೊರಿ ಎಷ್ಟಿರಬೇಕು?

ನಾನು ಸಿಂದಗಿಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತುವವಳು. ಕಲಿತದ್ದು ನಾಲ್ಕನೇ ಇಯತ್ತೆ. ತವರಿನವರು ಕುರಿ ಕಾಯುವವರು, ತಮ್ಮ ಈಗಲೂ ಆಲಮೇಲದ ಕಡೆ ಕುರಿ ಮೇಯಿಸುತ್ತಾನೆ. ಕಂಪ್ಯೂಟರಿನ ಮಾತಿಗೆ ನಾನೇಕೆ ಹೋದೆ ಎಂದರೆ, ಮಗ ಬಸ್ ಕಂಡಕ್ಟರ್, ಅವನಿಗೆ ರಜೆ ಇಲ್ಲ. ಸೊಸೆಗೆ ಮನೆಗೆಲಸವೇ ಮುಗಿಯುವುದಿಲ್ಲ. ಹುಡುಗಿಯೊಬ್ಬಳನ್ನೇ ಊರೂರು ಕಳಿಸುವ ಹಾಗಿಲ್ಲ. ಸುಮ್ಮನೆ ಜೊತೆಗೆ ಹೋಗಲು ಎದ್ದವಳು ನಾನು.

ಕಾಲೇಜಿನಿಂದ ಬಂದ ಕಾಗದದಲ್ಲಿ ಎರಡು ಷರತ್ತು ಇದ್ದವು. ತಮ್ಮ ಮಶೀನು ತಾವೇ ತರಬೇಕು. ಬಂದವರು ಒಬ್ಬರಾದ ಮೇಲೆ ಒಬ್ಬರು ಆಡುತ್ತಾರೆ, ಒಂದು ತಾಸು ಆಟ ನಿಲ್ಲದೆ ಓಡಬೇಕು. ನಡುವೆ ನಿಂತರೆ ಅದನ್ನು ಪರೀಕ್ಷೆಗೆ ತೆಗೆದುಕೊಳ್ಳುವುದೇ ಇಲ್ಲ. ಆರಿಸಿದ ಇಬ್ಬರಿಗೆ ಎರಡು ವರ್ಷ ಆಟ ಮಾಡುವ ವಿದ್ಯೆ ಕಲಿಸುತ್ತಾರೆ, ಅಂಕ ಕೇಳುವುದಿಲ್ಲ. ನಮ್ಮ ಹುಡುಗಿ ಪಿಯುಸಿಯಲ್ಲಿ ಗಣಿತವನ್ನು ಅಂಚಿಗೆ ಬಂದು ಪಾಸು ಮಾಡಿದವಳು. ಉಳಿದ ಕಡೆ ಎಲ್ಲಾ ಅಂಕಪಟ್ಟಿ ನೋಡಿ ಹಿಂದಕ್ಕೆ ಕಳಿಸಿದ್ದರು. ಅವಳಿಗೆ ಉಳಿದ ಬಾಗಿಲು ಇದೊಂದೇ.

ಅವಳ ಆಟ ಹೀಗಿದೆ. ಆಡುವವರು ಕುರಿಗಾರರು. ಇನ್ನೂರು ಕುರಿಗಳನ್ನು ಸಿಂದಗಿಯಿಂದ ಹೊಡೆದುಕೊಂಡು ಆಲಮೇಲದ ಹತ್ತಿರ ಭೀಮಾ ದಂಡೆ ಮುಟ್ಟಿಸಬೇಕು. ದಾರಿಯಲ್ಲಿ ಲಾರಿ, ಕಬ್ಬಿನ ಟ್ರ್ಯಾಕ್ಟರು, ನಾಯಿ, ಮಂದಿಯ ಜೋಳದ ಹೊಲ. ದಂಡೆ ಮುಟ್ಟಿದ ಮೇಲೆ ಎಣಿಕೆ. ಒಂದೂ ಕಡಿಮೆಯಾಗದಿದ್ದರೆ ಪರದೆಯ ಮೇಲೆ ‘ಎಲ್ಲಾ ಬಂದ್ವು’ ಎಂದು ಮೂಡುತ್ತದೆ. ಇದಕ್ಕಾಗಿ ಅವಳು ಒಂದು ತಿಂಗಳು ನನ್ನ ತಮ್ಮನ ಹಿಂಡಿನ ಹಿಂದೆ ಕ್ಯಾಮೆರಾ ಹಿಡಿದು ಅಡ್ಡಾಡಿದ್ದಳು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ಅರವತ್ತು ಕುರಿಯವರೆಗೆ ಆಟ ಕುಂಟುತ್ತಾ ನಡೆಯುತ್ತಿತ್ತು, ಅದರ ಮೇಲೆ ಹಾಕಿದರೆ ನಿಂತುಬಿಡುತ್ತಿತ್ತು.

ಮೊದಲು ವಿಜಾಪುರದ ಅಂಗಡಿಗೆ ಹೋದೆವು. ಅಂಗಡಿಯವನು ಕುರ್ಚಿ ಕೊಟ್ಟ, ನೀರು ಕೊಟ್ಟ, ಉತ್ತರವನ್ನೂ ಕೇಳುವ ಮೊದಲೇ ಕೊಟ್ಟ.

“ಗೇಮಿಂಗ್ ಲ್ಯಾಪ್‌ಟಾಪ್ ಅಂದ್ರ ನಾಕ ಜಿಬಿ ಹಾಕಸ್ರಿ ಆಯಿ, ಕಣ್ಣ ಮುಚ್ಚಿ.”

“ಕಣ್ಣ ಯಾಕ ಮುಚ್ಚಬೇಕಪಾ? ತೆರದ್ರನ ನಂಗ ಸರಿ ಕಾಣಂಗಿಲ್ಲ.”

“ಹಂಗಲ್ರಿ. ಎಷ್ಟ ಹೆಚ್ಚಿರತೈತೋ ಅಷ್ಟ ಚಲೋ.”

“ಇಕಿ ಆಟ ನೋಡಿ ಹೇಳಾಕತ್ತೀಯೋ, ನೋಡದ ಹೇಳಾಕತ್ತೀಯೋ?”

“ಎಲ್ಲಾ ಆಟಕ್ಕೂ ಒಂದ ಹಿಸಾಬ್ರಿ.”

ಆ ಮಾತು ನನಗೆ ಸೇರಲಿಲ್ಲ. ನನ್ನ ಅಂಗಡಿಗೂ ಬರುತ್ತಾರೆ, ಬಾವಿಯಲ್ಲಿ ಐದು ಎಚ್ಪಿಗೆ ಸಾಕಾಗುವಷ್ಟು ನೀರಿದ್ದರೆ ಹತ್ತು ಎಚ್ಪಿ ಮೋಟಾರು ಬೇಕು ಅನ್ನುವವರು. ಸುಟ್ಟ ಮೋಟಾರನ್ನು ಬಿಚ್ಚಿ, ಹಳೆಯ ಸುತ್ತು ಎಣಿಸಿ, ತಂತಿಯ ದಪ್ಪ ಅಳೆದು, ಅದರ ಮೇಲೆ ಎಷ್ಟು ಭಾರ ಬಿದ್ದಿತ್ತು ಎಂದು ಕೇಳಿಯೇ ನಾನು ಹೊಸ ತಂತಿ ಕೈಗೆ ತೆಗೆದುಕೊಳ್ಳುವುದು. ನಮ್ಮ ಆಟವನ್ನು ಒಮ್ಮೆ ಹಾಕಿ ನೋಡೋಣ ಎಂದರೆ, ಕೊಳ್ಳುವ ಮೊದಲು ಪೆಟ್ಟಿಗೆ ಒಡೆಯುವುದಿಲ್ಲ ಎಂದ. ನೀರು ಕುಡಿದು ಎದ್ದು ಬಂದೆವು.

ಎರಡು ದಿನ ಬಿಟ್ಟು ಇಂಡಿಗೆ ಹೋದೆವು. ಅಲ್ಲಿ ಬೀಗರ ಪೈಕಿಯವನೊಬ್ಬ ಕಂಪ್ಯೂಟರ್ ಸೆಂಟರ್ ಇಟ್ಟಿದ್ದಾನೆ. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಜಿಬಿ ಇತ್ತು, ಅಷ್ಟು ಬೇಕಾದಷ್ಟಾಯಿತು ಎಂದು ಧೈರ್ಯ ಹೇಳಿದ. ಆಟ ಹಾಕಿದೆವು. ಎಂಬತ್ತು ಕುರಿ ಬಂದವು, ನೂರು ಬಂದವು, ನಾನು ಒಳಗೊಳಗೇ ಹಿಗ್ಗಿದೆ. ನೂರಾಹತ್ತನೆಯದಕ್ಕೆ ಎಲ್ಲಾ ಕುರಿ ಕಾಲು ಎತ್ತಿದ್ದು ಎತ್ತಿದಂತೆ ನಿಂತವು.

“ಕುರಿ ಹೆಚ್ಚಾದ್ವು,” ಎಂದ ಅವನು. “ಐವತ್ತ ಇಡವಾ, ಚಂದ ಓಡತೈತಿ.”

“ಐವತ್ತಕ್ಕ ಹಿಂಡ ಅನ್ನಂಗಿಲ್ಲ ಕಾಕಾ,” ಎಂದಳು ನಮ್ಮ ಹುಡುಗಿ.

“ಆಡಾವ್ರಿಗೇನ ಗೊತ್ತಾಗತೈತಿ?”

“ನಂಗ ಗೊತ್ತಾಗತೈತಲಾ.”

ಅವನು ನಕ್ಕ. ನನಗೆ ನಗು ಬರಲಿಲ್ಲ, ಯಾಕೆಂದರೆ ಅದು ನನ್ನದೇ ಹಟ, ಅವಳ ಬಾಯಲ್ಲಿ ಕುಳಿತಿತ್ತು. ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನಿಂತ ನಿಂತಲ್ಲೇ ನಿದ್ದೆ ಬಂದು ಎರಡು ಸಲ ಮುಂದಿನವರ ಬುಟ್ಟಿಯ ಮೇಲೆ ಬಿದ್ದೆ.

ಮುದ್ದೇಬಿಹಾಳದಲ್ಲಿ ಒಬ್ಬ ಕಂಪ್ಯೂಟರ್ ಮಾಸ್ತರರಿದ್ದಾರೆ, ಅವರ ಹತ್ತಿರ ಆಟಕ್ಕೆಂದೇ ಮಾಡಿದ ಲ್ಯಾಪ್‌ಟಾಪು ಇದೆ ಎಂಬ ಸುದ್ದಿ ಮಗ ತಂದ. ಅವನ ಬಸ್ಸು ತಾಳಿಕೋಟೆ ಮೇಲೆ ಅಲ್ಲಿಗೇ ಹೋಗುವುದು. ಮಾಸ್ತರರು ನಿಧಾನದ ಮನುಷ್ಯರು, ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

“ಮೆಮೊರಿ ಅಂದ್ರ ನೀವು ಕೆಲಸ ಮಾಡುವಾಗ ಸಾಮಾನ ಹರವಿಕೊಳ್ಳೂ ಕಟ್ಟಿ ಇದ್ದಂಗ್ರಿ ಆಯಿ. ಡಿಸ್ಕ್ ಅಂದ್ರ ಕಪಾಟ. ಕಟ್ಟಿ ಸಣ್ಣದಾತು ಅಂದ್ರ ಘಳಿಗಿಗೊಮ್ಮೆ ಎದ್ದ ಹೋಗಿ ಕಪಾಟಿಂದ ತರಬೇಕು, ಮತ್ತ ಇಡಬೇಕು. ಅದಕ್ಕ ಮಶೀನ ನಿಂತ ಬಿಡತೈತಿ.”

ಇಷ್ಟು ತಿಳಿದ ಮೇಲೆ ನನಗೆ ಒಂದು ದಾರಿ ಹೊಳೆಯಿತು. ಮೋಟಾರಿನ ಬೇರಿಂಗು ಕೆಟ್ಟಿದೆಯೋ ಇಲ್ಲವೋ ತಿಳಿಯಲು ನಾವು ಸ್ಕ್ರೂಡ್ರೈವರಿನ ತುದಿ ಮೋಟಾರಿಗೆ ಒತ್ತಿ, ಹಿಡಿಕೆ ಕಿವಿಗೆ ಇಟ್ಟುಕೊಳ್ಳುತ್ತೇವೆ. ಒಳಗಿನದೆಲ್ಲ ಕಿವಿಗೆ ಬರುತ್ತದೆ. ಚೀಲದಿಂದ ಸ್ಕ್ರೂಡ್ರೈವರ್ ತೆಗೆದೆ. ಮಾಸ್ತರರು ಎದ್ದು ನಿಂತರು.

“ಆಯಿ, ಗೀರ ಬೀಳತೈತ್ರಿ.”

“ಸೆರಗ ಮಡಚಿ ಇಟ್ಟೇನಿ ನೋಡ್ರಿ. ನಿಮ್ಮ ಮಶೀನಿಗಿ ನೋವಾಗಂಗಿಲ್ಲ.”

ಕಿವಿ ಇಟ್ಟೆ. ಕಪಾಟು ತೆರೆದು ಮುಚ್ಚುವ ಸದ್ದು ಕೇಳಿತು: ಕರ್, ಕರ್, ಇಲಿ ಜೋಳದ ಚೀಲ ಕಡಿದಂತೆ. ಆ ಸದ್ದು ಹೆಚ್ಚಾದಾಗಲೇ ಕುರಿ ತಡವರಿಸುತ್ತಿದ್ದವು. ಅಂದರೆ ಸದ್ದು ನಿಂತ ಕಡೆ ಮೆಮೊರಿ ಸಾಕು ಎಂದರ್ಥ. ಮಾಸ್ತರರು ತಾವೂ ಹಿಡಿಕೆಗೆ ಕಿವಿ ಇಟ್ಟು, “ಹೌದ್ರಿ, ಇದ ಖರೇ,” ಎಂದರು. ಅವತ್ತಿನಿಂದ ನಮ್ಮ ಮೂವರಿಗೂ ಸ್ಕ್ರೂಡ್ರೈವರೇ ಮೀಟರು.

ಅವರ ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಮೆಮೊರಿ ಕಾರ್ಡು ಕೂಡಿಸಲು ಎರಡು ಖಾನೆ. ಒಂದು ಜಿಬಿ ಹಾಕಿದೆವು, ಮೊದಲಿನಿಂದಲೂ ಕರ್ ಕರ್. ಎರಡು ಜಿಬಿ ಮಾಡಿದೆವು, ನೂರಾ ಇಪ್ಪತ್ತು ಕುರಿಗೆ ಸದ್ದು ಏರಿತು. ನಾಲ್ಕು ಮಾಡಲು ಅವರ ಹತ್ತಿರ ಕಾರ್ಡು ಇರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಅವರ ಗೆಳೆಯರ ಅಂಗಡಿಯಿಂದ ಮರುದಿನ ನಾವೇ ಹೋಗಿ ತರಬೇಕಾಯಿತು. ಹೋಗುವಾಗ ಬಸ್ಸಿನ ಚಕ್ರ ಪಂಕ್ಚರು, ಅಲ್ಲಿ ಮುಟ್ಟಿದರೆ ಅಂಗಡಿಯವರು ಊಟಕ್ಕೆ ಹೋಗಿ ಮೂರು ತಾಸು. ಅಷ್ಟು ಮಾಡಿ ತಂದು ಹಾಕಿದರೆ, ನೂರಾ ಅರವತ್ತನೇ ಕುರಿಗೆ ಆಟ ಪೂರಾ ಮುಚ್ಚಿಕೊಂಡು ಹೋಯಿತು.

“ನಾಕ ಹಾಕಿದ್ರೂ ಮಶೀನಿಗಿ ಮೂರರ ಮ್ಯಾಲ ಸ್ವಲ್ಪ ಅಷ್ಟ ಕಾಣತೈತ್ರಿ,” ಎಂದರು ಮಾಸ್ತರರು. “ಅದರಾಗೂ ಒಂದ ಆಟಕ್ಕ ಇಷ್ಟ ಅಂತ ಮಿತಿ ಐತಿ. ಇದಕ್ಕಿಂತ ಮುಂದ ನನ್ನ ಕೈಲೆ ಆಗಂಗಿಲ್ಲ.”

ವಿಜಾಪುರದ ಅಂಗಡಿಯವನು ಹೇಳಿದ ನಾಲ್ಕು ಜಿಬಿಯೂ ಸುಳ್ಳಾಯಿತು. ಸ್ಪರ್ಧೆಗೆ ಎಂಟು ದಿನ ಉಳಿದಿತ್ತು. ತಾಳಿಕೋಟೆಯಲ್ಲಿ ಬಸ್ಸು ನಿಂತಾಗ ಹುಡುಗಿ, “ಬಿಡ ಆಯಿ, ಬಿ.ಎ. ಹಚ್ತೇನಿ,” ಎಂದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ನಾನು ಅವಳಿಗೆ ಬಾಳೆಹಣ್ಣು ಕೊಟ್ಟೆ, ಅದನ್ನು ಸಿಂದಗಿಯವರೆಗೂ ಕೈಯಲ್ಲೇ ಹಿಡಿದುಕೊಂಡು ಬಂದಳು.

ಮರುದಿನ ನನ್ನ ಅಂಗಡಿಯಲ್ಲಿ ಒಂದು ಪಂಪಿನ ಮೋಟಾರು ಕಾದಿತ್ತು. ಕೂಡಲು ಶಕ್ತಿ ಇರಲಿಲ್ಲ, ಆದರೂ ಫರ್ಮಾ ತೆಗೆದೆ. ಫರ್ಮಾ ಎಂದರೆ ಕಟ್ಟಿಗೆಯ ಅಚ್ಚು. ಅದರ ಮೇಲೆ ತಂತಿ ಸುತ್ತಿದರೆ ಎಲ್ಲಾ ಸುರುಳಿ ಒಂದೇ ಅಳತೆಗೆ ಬರುತ್ತವೆ. ಹುಡುಗಿ ಎದುರಿಗೆ ಕುಳಿತು ನೋಡುತ್ತಿದ್ದಳು.

ಸುಟ್ಟದ್ದನ್ನು ಬಿಚ್ಚದೆ ನಾನು ಯಾವ ಮೋಟಾರಿಗೂ ಕೈ ಹಾಕಿದವಳಲ್ಲ. ಇಷ್ಟು ದಿನ ಊರೂರು ತಿರುಗಿದೆ, ಅವಳ ಆಟವನ್ನು ಮಾತ್ರ ಬಿಚ್ಚಿ ನೋಡಿರಲಿಲ್ಲ ಎಂಬುದು ಆಗ ತಲೆಗೆ ಬಂತು.

“ಒಂದ ಕುರಿ ಒಳಗ ಏನ ಇಟ್ಟೀದಿ?” ಎಂದು ಕೇಳಿದೆ.

“ಮೈ ಐತಿ, ನಡಗಿ ಐತಿ, ಮ್ಯಾಲ ಹೊಚ್ಚಾಕ ಚಿತ್ರ ಐತಿ.”

“ಎರಡನೇ ಕುರೀಗಿ?”

“ಅದರದ ಬ್ಯಾರೆ ಚಿತ್ರ.”

“ಮೂರನೇದಕ್ಕ?”

“ಅದರದೂ ಬ್ಯಾರೆ. ಇನ್ನೂರಕ್ಕೂ ಬ್ಯಾರೆ ಬ್ಯಾರೆ ಆಯಿ. ಮುತ್ಯಾನ ಹಿಂಡಿನ್ಯಾಗ ಒಂದೊಂದರ ಫೋಟೋ ತಗದೇನಿ.” ನನ್ನ ತಮ್ಮನನ್ನು ಅವಳು ಮುತ್ಯಾ ಎನ್ನುತ್ತಾಳೆ.

“ಯಾಕ?”

ಅವಳು ನನ್ನನ್ನೇ ದುರುಗುಟ್ಟಿ ನೋಡಿದಳು. “ನೀನ ಹೇಳೀದಿ. ಎರಡ ಕುರಿ ಮಾರಿ ಒಂದ ಥರ ಇರಂಗಿಲ್ಲ, ಒಂದ ಅಂತ ಅಂದಾಂವ ಕುರುಬನ ಅಲ್ಲ ಅಂತ.”

ಹೇಳಿದ್ದೆ. ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹೇಳಿದ್ದೆ. ನಮ್ಮಪ್ಪ ನನಗೆ ಹಾಗೆಯೇ ಹೇಳಿದ್ದ. ಬೇರೆ ಯಾರ ಮಗಳೋ ಆಗಿದ್ದರೆ ಒಂದು ಕುರಿಯ ಚಿತ್ರ ತೆಗೆದು ಇನ್ನೂರಕ್ಕೂ ಹೊದಿಸಿಬಿಡುತ್ತಿದ್ದಳು. ನಮ್ಮ ಮನೆತನದ ಮಗಳು ಇನ್ನೂರು ಚಿತ್ರ ಇಟ್ಟಳು, ಕಟ್ಟೆಯ ಮೇಲೆ ಜಾಗ ಎಲ್ಲಿಂದ ಬರಬೇಕು?

ಕೈಯಲ್ಲಿದ್ದ ಸುರುಳಿ ತೋರಿಸಿದೆ. “ಇದರಾಗ ಎಷ್ಟ ಸುರುಳಿ ಅದಾವು? ಎಲ್ಲಾಕ್ಕೂ ಬ್ಯಾರೆ ಫರ್ಮಾ ಮಾಡ್ತೇನೇನ? ಫರ್ಮಾ ಒಂದ, ಕೂಡಸೂ ಜಾಗಾ ಬ್ಯಾರೆ. ನೀನೂ ಹತ್ತಹನ್ನೆರಡ ಕುರಿ ಫರ್ಮಾ ಇಡು. ಉಳದಾವು ಅದರಾಗಿಂದನ ಬರ್ಲಿ. ಒಂದಕ್ಕ ಕೊಂಬ ಉದ್ದ ಮಾಡು, ಒಂದಕ್ಕ ಕಿವಿ ಕತ್ತರಸು, ಒಂದಕ್ಕ ಬೆನ್ನಮ್ಯಾಲ ಬಣ್ಣದ ಗುರ್ತ ಹಾಕು.”

“ಮುತ್ಯಾ ನಗತಾನ ಆಯಿ.”

“ನಗಲಿ. ನಗೂದ ಕೇಳಾಕ ಆಟ ಓಡಬೇಕಲಾ ಮೊದಲ.”

ಹೇಳುವಾಗ ಗಟ್ಟಿಯಾಗಿ ಹೇಳಿದೆ. ಆದರೆ ಆ ಇನ್ನೂರು ಮುಖಗಳಲ್ಲಿ ನೂರಾ ಎಂಬತ್ತೆಂಟನ್ನು ತೆಗೆದುಹಾಕು ಎನ್ನುವುದು ನನಗೂ ಹಗುರವಾಗಿರಲಿಲ್ಲ. ಅವಳು ಅರ್ಧ ದಿನ ಆ ಫೋಟೋಗಳನ್ನೇ ಒಂದೊಂದಾಗಿ ತೆಗೆದು ನೋಡಿದಳು. ಸಂಜೆ ಬಂದು, “ಕುಂಟಿ ಒಂದ ಹಂಗ ಇರ್ಲಿ,” ಎಂದಳು. ಕುಂಟಿ ಎಂದರೆ ತಮ್ಮನ ಹಿಂಡಿನಲ್ಲಿ ಯಾವಾಗಲೂ ಕೊನೆಗೆ ಬರುವ ಮುದಿ ಕುರಿ. ಆಟದಲ್ಲೂ ಅದು ಕೊನೆಗೇ ಬರುತ್ತದೆ. ಅದಕ್ಕೆ ಒಪ್ಪಿದೆ. ಹನ್ನೆರಡು ಫರ್ಮಾ, ಒಂದು ಕುಂಟಿ.

ನಾಲ್ಕು ದಿನ ಅವಳು ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ಕರೆಂಟು ಹೋದಾಗ ಗೋಡೆಗೆ ತಲೆ ಇಟ್ಟು ಮಲಗುತ್ತಿದ್ದಳು, ಬಂದಾಗ ಏಳುತ್ತಿದ್ದಳು. ಐದನೆಯ ದಿನ ನನ್ನ ತಮ್ಮನನ್ನು ಆಲಮೇಲದಿಂದ ಕರೆಸಿದೆವು. ಅವನು ಹೆಗಲ ಮೇಲಿನ ಕಂಬಳಿ ತೆಗೆಯದೆ ಪರದೆಯ ಮುಂದೆ ಕುಳಿತು ಬಹಳ ಹೊತ್ತು ನೋಡಿದ.

“ಇವು ನನ್ನ ಕುರಿ ಅಲ್ಲವಾ,” ಎಂದ. ಹುಡುಗಿಯ ಮುಖ ಸಣ್ಣದಾಯಿತು. “ಮಂದೀವು. ಆದ್ರ ಕುರಿ ಅಂತೂ ಹೌದು. ಕುಂಟಿ ಮಾತ್ರ ನಂದು. ಅದ್ಯಾಕ ಇವರ ಹಿಂಡಿಗಿ ಹೋತು?”

ಅವನ ಕಡೆಯಿಂದ ಇಷ್ಟು ಬಂದರೆ ಸಾಕಿತ್ತು.

ಮತ್ತೆ ಮುದ್ದೇಬಿಹಾಳ. ಇನ್ನೂರೂ ಕುರಿ ಹಾಕಿ, ಲಾರಿಯ ದಾರಿ ದಾಟಿಸುತ್ತಾ ಕಿವಿ ಇಟ್ಟೆ. ಒಂದು ಜಿಬಿಗೆ ಇಲಿ ಇನ್ನೂ ಕಡಿಯುತ್ತಿತ್ತು, ಮಶೀನು ಎಬ್ಬಿಸುವ ಪ್ರೋಗ್ರಾಮೇ ಅರ್ಧ ಕಟ್ಟೆ ಹಿಡಿದಿರುತ್ತದೆಯಂತೆ. ಎರಡು ಜಿಬಿಗೆ ಸದ್ದು ಅಡಗಿತು. ನಾಲ್ಕು ಹಾಕಿದೆವು, ಎರಡಕ್ಕೂ ನಾಲ್ಕಕ್ಕೂ ನನ್ನ ಕಿವಿಗೆ ಫರಕು ತಿಳಿಯಲಿಲ್ಲ. ಮಾಸ್ತರರಿಗೂ ಹಿಡಿಕೆ ಕೊಟ್ಟೆ. ಅವರಿಗೂ ತಿಳಿಯಲಿಲ್ಲ. ಎರಡು ಎಂದು ಅಲ್ಲೇ ನಿಶ್ಚಯವಾಯಿತು. ಇಂಡಿಯಲ್ಲಿ ಆಟ ಅಷ್ಟು ಬೇಗ ನಿಂತದ್ದೇಕೆ ಎಂದೂ ಅವರೇ ಬಿಡಿಸಿ ಹೇಳಿದರು: ಆ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಭಾಗಕ್ಕೆ ತನ್ನದೇ ಮೆಮೊರಿ ಇರಲಿಲ್ಲ, ಅದೂ ಈ ಒಂದೇ ಕಟ್ಟೆಯಲ್ಲಿ ಪಾಲು ಕೇಳುತ್ತಿತ್ತು.

ಹಾಗಾಗಿ ವಿಜಾಪುರದ ಅಂಗಡಿಯಲ್ಲಿ ಈ ಸಲ ನಾನೇ ಹೇಳಿದೆ. “ಎರಡ ಜಿಬಿ. ಎರಡೂ ಒಂದ ಕಾರ್ಡಿನ್ಯಾಗ ಇರಬೇಕು, ಇನ್ನೊಂದ ಖಾನೆ ಖಾಲಿ ಬಿಡ್ರಿ. ಚಿತ್ರ ಮೂಡಸೂ ಭಾಗಕ್ಕ ಅದರದ ಬ್ಯಾರೆ ಮೆಮೊರಿ ಬೇಕು, ಇನ್ನೂರಾ ಐವತ್ತಾರು ಎಂಬಿ.”

ಅಂಗಡಿಯವನು ಹುಡುಗಿಯ ಕಡೆ ನೋಡಿದ. ಅವಳು ನನ್ನ ಕಡೆ ಕೈ ಮಾಡಿದಳು.

“ಆಯಿ, ಯಾವ ಸಾಲಿ ಕಲ್ತೀರಿ?”

“ಪಂಪಿನ ಸಾಲಿ.”

ಮಗನಿಗೆ ಮಾತ್ರ ಸಮಾಧಾನವಿಲ್ಲ. “ಯವ್ವಾ, ನಾಳೆ ಸಾಲದಿದ್ರ?” ಎಂದು ಕೇಳಿದ.

“ಸಾಲದಿದ್ರ ಖಾಲಿ ಖಾನೆ ಅದಕ್ಕ ಐತಿ. ಈಗಿಂದಕ್ಕ ಈಗಿನಷ್ಟ.”

ಸ್ಪರ್ಧೆಯ ಹಾಲ್‌ನಲ್ಲಿ ಹದಿಮೂರು ಮೇಜು. ನಮ್ಮದು ಬಾಗಿಲ ಪಕ್ಕ, ಬಿಸಿಗಾಳಿ ನೇರವಾಗಿ ಬರುವಲ್ಲಿ. ಗಂಟೆ ಬಾರಿಸಿದರು. ಕಾಲೇಜು ಹುಡುಗರು ಒಬ್ಬೊಬ್ಬರಾಗಿ ಬಂದು ನಮ್ಮ ಕುರಿ ಹೊಡೆಯತೊಡಗಿದರು. ಒಬ್ಬನು ಎಲ್ಲಾ ಕುರಿಗಳನ್ನೂ ಮಂದಿಯ ಜೋಳಕ್ಕೆ ನುಗ್ಗಿಸಿದ, ಇನ್ನೊಬ್ಬ ಲಾರಿಯ ಮುಂದೆ ನಿಲ್ಲಿಸಿದ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಪಕ್ಕದ ಮೇಜಿನವನ ಮೋಟಾರ್ ಸೈಕಲ್ ಆಟ ನಿಂತುಹೋಯಿತು, ಅವನು ತಲೆ ಮೇಲೆ ಕೈ ಇಟ್ಟುಕೊಂಡ. ಮೂವತ್ತೈದಕ್ಕೆ ಕರೆಂಟು ಹೋಯಿತು. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆಯಿತು. ಜನರೇಟರ್ ಹತ್ತುವವರೆಗೆ ನಾನು ಸೆರಗಿನಿಂದ ಮಶೀನಿಗೆ ಗಾಳಿ ಹಾಕಿದೆ.

ನಲವತ್ತು ದಾಟಿದಾಗ ತಡೆಯಲಾಗಲಿಲ್ಲ. ಸೆರಗು ಮಡಚಿ ಸ್ಕ್ರೂಡ್ರೈವರ್ ಒತ್ತಿ ಕಿವಿ ಇಟ್ಟೆ. ಹುಡುಗರು ಕಿಸಕಿಸ ನಕ್ಕರು. ಒಳಗೆ ಎರಡು ಸಲ ಕರ್ ಎಂದಿತು. ಆಮೇಲೆ ಸುಮ್ಮನಾಯಿತು, ಸುಮ್ಮನೇ ಉಳಿಯಿತು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ.

ಕೊನೆಗೆ ಪರೀಕ್ಷೆ ಮಾಡುವವರೇ ಬಂದು ಕುಳಿತರು. ಜೋಪಾನವಾಗಿ ಹಿಂಡು ಹೊಡೆದು ದಂಡೆ ಮುಟ್ಟಿಸಿದರು. ನೂರಾ ತೊಂಬತ್ತೊಂಬತ್ತಕ್ಕೆ ಎಣಿಕೆ ನಿಂತಿತು. ಅವರು ಎದ್ದೇಳುವಾಗ ಹುಡುಗಿ, “ಸರ್, ಸ್ವಲ್ಪ ತಡೀರಿ,” ಎಂದಳು. ಕುಂಟಿ ಕಾಲೆಳೆಯುತ್ತಾ ಬಂತು. ‘ಎಲ್ಲಾ ಬಂದ್ವು.’ ಅಷ್ಟರಲ್ಲಿ ಗಂಟೆ ಬಾರಿಸಿದರು.

“ಇಷ್ಟ ಕುರಿ ಇಷ್ಟ ಮೆಮೊರಿಯೊಳಗ ಹೆಂಗ ಕೂಡಸೀದಿ?” ಎಂದು ಕೇಳಿದರು ಅವರು.

“ಫರ್ಮಾ ಮಾಡೇನ್ರಿ ಸರ್. ನಮ್ಮ ಆಯಿ ಮೋಟಾರ ವೈಂಡಿಂಗ್ ಮಾಡ್ತಾಳ್ರಿ,” ಎಂದಳು. ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ಬರೆದುಕೊಂಡರು.

ಸಂಜೆ ಸಿಂದಗಿಗೆ ಬಂದಾಗ ಸೊಸೆ ಗೋಧಿ ಹುಗ್ಗಿ ಮಾಡಿ, ಬದನೆಕಾಯಿ ಎಣ್ಣೆಗಾಯಿ ಇಳಿಸಿ, ರೊಟ್ಟಿ ಬಡಿಯುತ್ತಿದ್ದಳು. ಮಗ ಡ್ಯೂಟಿ ಬದಲಿಸಿಕೊಂಡು ಬಂದಿದ್ದ. ತಮ್ಮ ಹಿಂಡನ್ನು ಮಕ್ಕಳ ಕೈಗೆ ಕೊಟ್ಟು ಒಂದು ಚೊಂಬು ಕುರಿಹಾಲು ಹಿಡಿದು ಬಂದಿದ್ದ. ನಡುಮನೆಯಲ್ಲಿ ಸಾಲಾಗಿ ತಾಟು ಇಟ್ಟರು. ಹುಡುಗಿ ಸ್ಪರ್ಧೆಯಲ್ಲಿ ನಡೆದದ್ದನ್ನು ಮೂರನೇ ಸಲ ಹೇಳುತ್ತಿದ್ದಳು, ಮೂರನೇ ಸಲವೂ ಎಲ್ಲರೂ ಹೊಸದಾಗಿ ಕೇಳುತ್ತಿದ್ದರು. ನಾನು ಹಿತ್ತಲಲ್ಲಿ ಕಾಲು ತೊಳೆಯುತ್ತಾ ಹಾಗೆಯೇ ಕಲ್ಲಿನ ಮೇಲೆ ಕುಳಿತುಬಿಟ್ಟಿದ್ದೆ. ಏಳಲು ಮೊಣಕಾಲು ಒಪ್ಪಲಿಲ್ಲ.

ಒಳಗೆ ತಮ್ಮ ಕುರಿ ಎಣಿಸುವ ಹಾಗೆ ಬೆರಳು ಮಾಡಿ ತಾಟಿನ ಮುಂದೆ ಕುಳಿತವರನ್ನು ಎಣಿಸುವುದು ಕೇಳಿಸಿತು. “ಒಂದ ಕಡಿಮಿ ಬಿತ್ತಲಾ,” ಎಂದ. “ಯಾವುದ ಉಳೀತು?”

“ತಡಿ ಮುತ್ಯಾ,” ಎಂದಳು ಮೊಮ್ಮಗಳು. “ಯಾರೂ ರೊಟ್ಟಿ ಮುರೀಬ್ಯಾಡ್ರಿ. ಕುಂಟಿ ಬರಾಕತ್ತೈತಿ.”

ಗೋಡೆ ಹಿಡಿದುಕೊಂಡು, ಕಾಲೆಳೆಯುತ್ತಾ ಹೋಗಿ ನನ್ನ ತಾಟಿನ ಮುಂದೆ ಕುಳಿತೆ.

“ಎಲ್ಲಾ ಬಂದ್ವು,” ಎಂದ ತಮ್ಮ. ಸೊಸೆ ಹುಗ್ಗಿ ಬಡಿಸಿದಳು.